22ಎ ಸೀಟಿನಲ್ಲಿ ಉಳಿದ ಕಿವಿ

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳು ಸುತ್ತುವ ಬೆಲ್ಟಿನ ಪಕ್ಕ ನಿಂತು ಅಪ್ಪನನ್ನು ಮೂರು ಸಲ ಕರೆದೆ. ಅವರು ತಿರುಗಲಿಲ್ಲ. ಹೆಗಲು ಮುಟ್ಟಿದಾಗ ತಿರುಗಿ ನನ್ನ ತುಟಿಯನ್ನೇ ದಿಟ್ಟಿಸಿದರು. ಆಮೇಲೆ ಅವರ ಎಡಗೈ ನಿಧಾನವಾಗಿ ಎಡಗಿವಿಯ ಹತ್ತಿರ ಹೋಯಿತು. ಅಲ್ಲಿ ಏನೂ ಇರಲಿಲ್ಲ.

‘ಕಿವಿ ಮಿಷನ್ನು ಅಲ್ಲೇ ಉಳೀತು ಕಣೇ’ ಅಂದರು.

ದೆಹಲಿಯಲ್ಲಿ ಅಣ್ಣನ ಮನೆಯಲ್ಲಿ ಹದಿನೈದು ದಿನ ಇದ್ದು ಬರುತ್ತಿದ್ದೆವು. ಅಪ್ಪನಿಗೆ 78 ವರ್ಷ. ಬಲಗಿವಿ ಎಂದೋ ಕೈಕೊಟ್ಟಿದೆ. ಲೋಕದ ಸದ್ದೆಲ್ಲ ಎಡಗಿವಿಯ ಆ ಪುಟ್ಟ ಯಂತ್ರದಿಂದಲೇ ಒಳಗೆ ಬರಬೇಕು. ಅವರಿಗೆ ಸಿಕ್ಕಿದ್ದು 22ಎ, ಎಡಬದಿಯ ಕಿಟಕಿ. ತಲೆಯನ್ನು ಕಿಟಕಿಗೆ ಒರಗಿಸಿದಾಗಲೆಲ್ಲ ಯಂತ್ರ ಕುಂಯ್ ಎಂದು ಸಿಳ್ಳೆ ಹಾಕುತ್ತಿತ್ತು. ಹಿಯರಿಂಗ್ ಏಡ್ ಹಾಕುವವರಿಗೆಲ್ಲ ಇದು ಗೊತ್ತು. ಕಿವಿಗೆ ತೀರಾ ಹತ್ತಿರ ಗೋಡೆಯೋ ದಿಂಬೋ ಬಂದರೆ ಹೊರಬಿದ್ದ ಸದ್ದೇ ಮತ್ತೆ ಅದರ ಮೈಕಿಗೆ ಹೊಕ್ಕು ಸಿಳ್ಳೆಯಾಗುತ್ತದೆ. ಪಕ್ಕದವರಿಗೆ ತೊಂದರೆಯೆಂದು ಅಪ್ಪ ಅದನ್ನು ತೆಗೆದರು. ತಿಂಡಿಯ ಜೊತೆ ಕೊಟ್ಟ ಟಿಶ್ಯೂ ಕಾಗದದಲ್ಲಿ ಜೋಪಾನವಾಗಿ ಸುತ್ತಿದರು. ಮುಂದಿನ ಸೀಟಿನ ಬೆನ್ನಿಗಿದ್ದ ಚೀಲಕ್ಕೆ ಹಾಕಿದರು. ನಾನು ನೋಡುತ್ತಲೇ ಇದ್ದೆ. ಇಳಿಯುವಾಗ ನೆನಪಿಸಿದರಾಯಿತು ಅಂದುಕೊಂಡು ಸುಮ್ಮನಾದೆ.

ಬೆಲ್ಟಿನ ಹತ್ತಿರವೇ ಇದ್ದ ವಿಮಾನ ಕಂಪನಿಯ ಕೌಂಟರಿಗೆ ಓಡಿದೆ. ಅಲ್ಲಿದ್ದ ಹುಡುಗಿ ಸೀಟಿನ ನಂಬರು ಕೇಳಿ ಯಾರಿಗೋ ಫೋನ್ ಮಾಡಿದಳು. ಕ್ಲೀನಿಂಗ್ ಮುಗಿದಿದೆ, ಏನೂ ಸಿಕ್ಕಿಲ್ಲ, ವಿಮಾನಕ್ಕೆ ಮುಂದಿನ ಊರಿನ ಪ್ರಯಾಣಿಕರು ಹತ್ತುತ್ತಿದ್ದಾರೆ ಎಂಬ ಉತ್ತರ ಬಂತು. ನಾವು ಇಳಿದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಮೂರು ದಿನದ ನಂತರ ಬಂದ ಮೇಲ್‌ನಲ್ಲೂ ಅದೇ ಮಾತಿತ್ತು. ಚೀಲದಿಂದ ಮುದುಡಿದ ಟಿಶ್ಯೂ ಎತ್ತಿದ ಕೈಯ ತಪ್ಪೇನೂ ಇಲ್ಲ. ಮುದುಡಿದ ಟಿಶ್ಯೂ ಎಂದರೆ ಎಲ್ಲರ ಕಣ್ಣಿಗೂ ಕಸವೇ.

ಹೊಸ ಯಂತ್ರಕ್ಕೆ ಅಳತೆ ಕೊಟ್ಟು ಅದು ಕೈಸೇರುವವರೆಗೆ ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ಅಪ್ಪ ಊಟದ ಹೊತ್ತಿನಲ್ಲಿ ನಮ್ಮ ಮಾತಿಗೆ ಸುಮ್ಮನೆ ತಲೆಯಾಡಿಸುತ್ತ ಕೂತಿರುತ್ತಿದ್ದರು. ದುಡ್ಡು ಹೋದದ್ದಕ್ಕಿಂತ ಅದನ್ನು ನೋಡುವುದು ಕಷ್ಟವಾಯಿತು. ಆಗಿನಿಂದ ಈ ಸಣ್ಣ ಸಂಗತಿ ನನ್ನನ್ನು ಬಿಟ್ಟಿಲ್ಲ. ವಿಮಾನದ ಸೀಟಿನಲ್ಲಿ ವಸ್ತುಗಳು ಹೇಗೆ ಕಳೆದುಹೋಗುತ್ತವೆ, ಯಾಕೆ ಅಷ್ಟೊಂದು ಜನ ಅಲ್ಲೇ ಮರೆಯುತ್ತಾರೆ, ಮರೆಯದಿರಲು ಏನು ಮಾಡಬೇಕು ಎಂದು ಓದುತ್ತ, ಕೇಳುತ್ತ, ಪ್ರತಿ ಪ್ರಯಾಣದಲ್ಲೂ ಸೀಟನ್ನು ತಡವಿ ನೋಡುತ್ತ ಬಂದಿದ್ದೇನೆ. ನನಗೆ ಖಚಿತವಾಗಿರುವುದು ಒಂದು. ಇದಕ್ಕೆ ವಯಸ್ಸನ್ನಾಗಲಿ ಮರೆಗುಳಿತನವನ್ನಾಗಲಿ ದೂರಬೇಕಿಲ್ಲ. ಆ ಜಾಗವೇ ಹಾಗಿದೆ, ಇಳಿಯುವ ಗಳಿಗೆಯೂ ಹಾಗಿದೆ. ಅಲ್ಲಿ ನೆನಪನ್ನು ನೆಚ್ಚಿಕೊಂಡವರು ಸೋಲುತ್ತಾರೆ.

ಮೊದಲು ಸೀಟನ್ನೇ ನೋಡೋಣ. ಹೊರಗಿನಿಂದ ಅದು ಬಟ್ಟೆಯೋ ರೆಕ್ಸಿನ್ನೋ ಹೊದಿಸಿದ ಕುರ್ಚಿ. ಒಳಗೆ ಅದೊಂದು ಲೋಹದ ಚೌಕಟ್ಟು. ಕೂರುವ ಮೆತ್ತೆಯನ್ನು ಆ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿರುತ್ತಾರೆ, ಬೇಗ ಬಿಚ್ಚಿ ಬೇಗ ಬದಲಿಸಲಿಕ್ಕೆ ಅನುಕೂಲವಾಗಲೆಂದು. ಹಾಗಾಗಿ ಮೆತ್ತೆಗೂ ಬೆನ್ನಿಗೂ ನಡುವೆ ಒಂದು ಸಂದಿ, ಮೆತ್ತೆಗೂ ಕೈಯಾಸರೆಗೂ ನಡುವೆ ಇನ್ನೊಂದು, ಕಿಟಕಿ ಬದಿಯ ಸೀಟಾದರೆ ಸೀಟಿಗೂ ವಿಮಾನದ ಗೋಡೆಗೂ ನಡುವೆ ಮತ್ತೊಂದು ಸಂದಿ ಉಳಿಯುತ್ತದೆ. ಪ್ಯಾಂಟಿನ ಹಿಂಜೇಬಿನಲ್ಲೋ ಪಕ್ಕದ ಜೇಬಿನಲ್ಲೋ ಇರುವ ಫೋನು ಕೂತಲ್ಲಿಯೇ ಮೆಲ್ಲಗೆ ಜಾರಿ ಈ ಸಂದಿಗಳಲ್ಲಿ ಒಂದಕ್ಕೆ ಇಳಿಯುತ್ತದೆ. ಜಾರಿದ್ದು ಗೊತ್ತಾಗುವುದಿಲ್ಲ, ಯಾಕೆಂದರೆ ಬೆಲ್ಟು ಹೊಟ್ಟೆಯನ್ನು ಹಿಡಿದಿರುತ್ತದೆ, ಮೊಣಕಾಲು ಮುಂದಿನ ಸೀಟಿಗೆ ತಾಗಿರುತ್ತದೆ, ಬಗ್ಗಿ ನೋಡಲು ಜಾಗವಿರುವುದಿಲ್ಲ. ಅಗ್ಗದ ದರದ ವಿಮಾನಗಳಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರ 28ರಿಂದ 30 ಇಂಚಿನ ಆಸುಪಾಸು. ಬಿದ್ದದ್ದನ್ನು ಹೆಕ್ಕುವಷ್ಟು ಸೊಂಟ ಬಗ್ಗಿಸಿದರೆ ಹಣೆ ಮುಂದಿನ ಸೀಟಿಗೆ ತಾಗುತ್ತದೆ.

ಬಣ್ಣದ ಮಾತೂ ಇದೆ. ಹೆಚ್ಚಿನ ಸೀಟುಗಳು ಕಡುನೀಲಿ, ಕಪ್ಪು, ಬೂದು. ನಮ್ಮ ಫೋನು ಕಪ್ಪು, ಅದರ ಕವರೂ ಕಪ್ಪು. ಕನ್ನಡಕದ ಪೆಟ್ಟಿಗೆ ಕಪ್ಪು, ಪಾಸ್‌ಪೋರ್ಟು ಕಡುನೀಲಿ, ಇಯರ್‌ಫೋನಿನ ಡಬ್ಬಿ ಹೆಚ್ಚಾಗಿ ಕಪ್ಪೋ ಬಿಳಿಯೋ. ದೀಪ ಮಂಕಾಗಿರುವ ರಾತ್ರಿಯ ವಿಮಾನದಲ್ಲಿ ಕತ್ತಲಿಗೆ ಕತ್ತಲು ಸೇರಿದಂತೆ ಸೇರಿಬಿಡುತ್ತವೆ.

ನೆಲಕ್ಕೆ ಬಿದ್ದದ್ದು ಬಿದ್ದಲ್ಲೇ ಇರುವುದೂ ಇಲ್ಲ. ಮೇಲೇರುವಾಗ ವಿಮಾನದ ಮೂತಿ ಮೇಲಕ್ಕಿರುತ್ತದೆ. ಬಿದ್ದ ಪೆನ್ನು ಹಿಂದಿನ ಸಾಲುಗಳಿಗೆ ಉರುಳುತ್ತದೆ. ಸಮಪಾತಳಿಯಲ್ಲಿ ಹಾರುವಾಗಲೂ ಮೂತಿ ತುಸು ಮೇಲೆಯೇ ಇರುತ್ತದೆ. ನೆಲ ಮುಟ್ಟಿ ಬ್ರೇಕು ಬಿದ್ದ ಕೂಡಲೇ ಎಲ್ಲವೂ ಮುಂದಕ್ಕೆ ನುಗ್ಗುತ್ತವೆ. ಹಾಗಾಗಿ ಕಳೆದುಕೊಂಡವರು ತಮ್ಮ ಕಾಲಬುಡದಲ್ಲಿ ಹುಡುಕುತ್ತಿರುವಾಗ ವಸ್ತು ನಾಲ್ಕು ಸಾಲು ಮುಂದೆ ಯಾರದೋ ಚಪ್ಪಲಿಯ ಪಕ್ಕ ಇರುತ್ತದೆ. ಸೀಟಿನಡಿಯಲ್ಲಿ ಲೈಫ್ ಜಾಕೆಟ್ಟಿನ ಚೀಲ ಇರುತ್ತದೆ, ಸೀಟನ್ನು ನೆಲಕ್ಕೆ ಬಿಗಿದ ಕಂಬಿಗಳಿರುತ್ತವೆ, ಪರದೆ ಇರುವ ವಿಮಾನವಾದರೆ ತಂತಿಯ ಪೆಟ್ಟಿಗೆಯೂ ಇರಬಹುದು. ಉಂಗುರದಂಥ ಸಣ್ಣ ವಸ್ತು ಅವುಗಳ ಹಿಂದೆ ಕೂತರೆ ಟಾರ್ಚು ಹಿಡಿದವರಿಗೂ ಸಿಗುವುದು ಕಷ್ಟ.

ಇಷ್ಟಾದರೂ ನಾನು ಕೇಳಿದ ಕಥೆಗಳಲ್ಲಿ ಹೆಚ್ಚಿನವು ಸಂದಿಯವಲ್ಲ. ಅಪ್ಪ ಯಂತ್ರ ಹಾಕಿದ ಆ ಚೀಲದವು. ಮುಂದಿನ ಸೀಟಿನ ಬೆನ್ನಿನ ಚೀಲ ನಮ್ಮ ಕಣ್ಣೆದುರೇ ಇರುತ್ತದೆ, ನಮ್ಮದೇ ಎನ್ನುವಂತೆ ಬಾಯಿ ತೆರೆದುಕೊಂಡಿರುತ್ತದೆ. ಕೂತ ತಕ್ಷಣ ಕೈಯಲ್ಲಿದ್ದುದನ್ನೆಲ್ಲ ಅದರೊಳಗೆ ಇಳಿಸುತ್ತೇವೆ. ಫೋನು, ಕನ್ನಡಕ, ಓದುತ್ತಿದ್ದ ಪುಸ್ತಕ, ಟ್ಯಾಬ್ಲೆಟ್ಟು, ಬೋರ್ಡಿಂಗ್ ಪಾಸ್ ಸಿಕ್ಕಿಸಿದ ಪಾಸ್‌ಪೋರ್ಟು. ಒಳಗೆ ಹೋದ ಮೇಲೆ ಅವು ಸುರಕ್ಷತಾ ಕಾರ್ಡಿನ ಹಿಂದೆ, ವಾಂತಿ ಚೀಲದ ಕೆಳಗೆ ಮರೆಯಾಗುತ್ತವೆ. ಮನೆಯ ಕಪಾಟಾದರೆ ಮತ್ತೆ ತೆರೆಯುತ್ತೇವೆ. ಈ ಚೀಲವನ್ನು ಮತ್ತೆ ನೋಡಲು ಬದುಕಿನಲ್ಲಿ ಇನ್ನೊಂದು ಸಂದರ್ಭ ಬರುವುದಿಲ್ಲ.

ಕಳೆದುಹೋದದ್ದು ಫೋನಾದರೆ ಅದು ನಮ್ಮೊಬ್ಬರ ಚಿಂತೆಯಾಗಿ ಉಳಿಯುವುದಿಲ್ಲ. ಈ ವಿಷಯದಲ್ಲಿ ನಮ್ಮ ಜನರಿಗೆ ತಿಳಿವಳಿಕೆ ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2016ರಲ್ಲಿ ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹಾರುತ್ತಿದ್ದ ಕ್ವಾಂಟಾಸ್ ಕಂಪನಿಯ ಏರ್‌ಬಸ್ ಎ380 ವಿಮಾನದಲ್ಲಿ ಸೀಟೊಂದರಿಂದ ಹೊಗೆ ಬಂತು. ಸೀಟಿನ ಯಂತ್ರಭಾಗಕ್ಕೆ ಸಿಕ್ಕಿ ಪ್ರಯಾಣಿಕರ ಎಲೆಕ್ಟ್ರಾನಿಕ್ ಉಪಕರಣವೊಂದು ಗುರುತು ಸಿಗದಂತೆ ಜಜ್ಜಿಹೋಗಿತ್ತು. ಸಿಬ್ಬಂದಿ ಬೆಂಕಿ ಆರಿಸುವ ಸಾಧನ ಬಳಸಿ, ಸೀಟಿನ ವಿದ್ಯುತ್ ಕಡಿದು, ಮೆತ್ತೆ ಬಿಚ್ಚಿ ಅದನ್ನು ಹೊರತೆಗೆದು ನೀರಿನಲ್ಲಿ ಮುಳುಗಿಸಿಟ್ಟರು. ಪೆಸಿಫಿಕ್ ಸಾಗರದ ಮೇಲೆ ಹಾರುವ ವಿಮಾನದೊಳಗೆ ನಡೆದದ್ದಿದು.

ಲಿಥಿಯಂ ಬ್ಯಾಟರಿಯೊಳಗೆ ಧನ ಮತ್ತು ಋಣ ಪದರಗಳ ನಡುವೆ ಕಾಗದಕ್ಕಿಂತ ತೆಳುವಾದ ಒಂದು ಪೊರೆ ಇರುತ್ತದೆ. ಬ್ಯಾಟರಿ ಬಾಗಿದರೆ, ಜಜ್ಜಿದರೆ ಆ ಪೊರೆ ಹರಿಯುತ್ತದೆ. ಎರಡು ಪದರಗಳು ತಾಗಿ ಕಾವೇರುತ್ತದೆ. ಕಾವು ಇನ್ನಷ್ಟು ರಾಸಾಯನಿಕ ಕ್ರಿಯೆಗೆ ದಾರಿ ಮಾಡುತ್ತದೆ, ಅದರಿಂದ ಇನ್ನಷ್ಟು ಕಾವು. ಒಮ್ಮೆ ಶುರುವಾದರೆ ಅದು ತನ್ನನ್ನು ತಾನೇ ಉರಿಸಿಕೊಳ್ಳುತ್ತದೆ. ಮೋಟಾರಿನಿಂದ ಮಂಚದಂತೆ ಚಾಚಿಕೊಳ್ಳುವ ಬಿಸಿನೆಸ್ ಕ್ಲಾಸ್ ಸೀಟುಗಳಲ್ಲಿ ಅಪಾಯ ಹೆಚ್ಚು. ಗುಂಡಿ ಒತ್ತಿದರೆ ಸಾಕು, ಒಳಗಿನ ಲೋಹದ ತೋಳುಗಳು ಫೋನನ್ನು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಹಿಡಿಯುತ್ತವೆ.

ಹಾಗಾಗಿಯೇ 2025ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಮ್ಯೂನಿಕ್‌ಗೆ ಹೊರಟಿದ್ದ ಲುಫ್ತಾನ್ಸಾ ವಿಮಾನವೊಂದು ಬಾಸ್ಟನ್‌ನಲ್ಲಿ ಇಳಿಯಿತು. ಅದರಲ್ಲಿ 461 ಪ್ರಯಾಣಿಕರಿದ್ದರು. ಕಾರಣ, ಬಿಸಿನೆಸ್ ಕ್ಲಾಸ್ ಸೀಟಿನಲ್ಲಿ ಸಿಕ್ಕಿಕೊಂಡ ಒಂದು ಟ್ಯಾಬ್ಲೆಟ್ಟು. ತಂತ್ರಜ್ಞರು ಬಂದು ಅದನ್ನು ಬಿಡಿಸಿದ ಮೇಲೆಯೇ ಅವರೆಲ್ಲ ಮುಂದಕ್ಕೆ ಹೋದದ್ದು. ಅದಕ್ಕೂ ಒಂದು ತಿಂಗಳ ಹಿಂದೆ ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಕೆರಿಬಿಯನ್ ದ್ವೀಪ ಗ್ವಾಡಲೂಪ್‌ಗೆ ಹೊರಟ ಏರ್ ಫ್ರಾನ್ಸ್ ಬೋಯಿಂಗ್ 777 ಅರ್ಧ ದಾರಿಗೂ ಮುನ್ನವೇ ಹಿಂದಿರುಗಿತು. ಪ್ರಯಾಣಿಕರೊಬ್ಬರ ಫೋನು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಎಲ್ಲಿದೆಯೆಂದು ಗೊತ್ತಿಲ್ಲದ ಬ್ಯಾಟರಿಯೊಂದಿಗೆ ಅಟ್ಲಾಂಟಿಕ್ ಸಾಗರ ದಾಟಲು ಪೈಲಟ್ ಒಪ್ಪಲಿಲ್ಲ. ಆ ನಿರ್ಧಾರ ನೂರಕ್ಕೆ ನೂರು ಸರಿಯೆಂದು ನನ್ನ ಅಭಿಪ್ರಾಯ. ಫೋನು ಸಿಕ್ಕಿತು, ವಿಮಾನ ಮತ್ತೆ ಹಾರಿತು.

ಆದ್ದರಿಂದ ಫೋನು ಸೀಟಿನೊಳಗೆ ಜಾರಿತೆಂದು ಗೊತ್ತಾದ ಕ್ಷಣ ಮಾಡಬೇಕಾದದ್ದು ಒಂದೇ: ಅಲುಗಾಡದೆ ಸಿಬ್ಬಂದಿಯನ್ನು ಕರೆಯುವುದು. ಸೀಟು ಹಿಂದೆ ಮುಂದೆ ಮಾಡಬಾರದು, ಗುಂಡಿ ಒತ್ತಬಾರದು, ಸಂದಿಗೆ ಕೈತೂರಿ ಕೀಳಲು ಹೋಗಬಾರದು. ಸಂಕೋಚ ನಮ್ಮವರಲ್ಲಿ ಬಹಳ. ಕರೆಗಂಟೆ ಒತ್ತಿದರೆ ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿರುವ ಹಿರಿಯರನ್ನು ಎಷ್ಟೋ ಸಲ ಕಂಡಿದ್ದೇನೆ. ದಯವಿಟ್ಟು ಒತ್ತಿ. ಇಂಥದ್ದಕ್ಕೇ ಅವರಿಗೆ ತರಬೇತಿ ಆಗಿರುತ್ತದೆ. ಪವರ್ ಬ್ಯಾಂಕಿನ ವಿಷಯವೂ ಇದೇ. ಅದು ಚೆಕ್-ಇನ್ ಲಗೇಜಿನಲ್ಲಿ ಹೋಗುವಂತಿಲ್ಲ, ನಮ್ಮ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. ಬೆಂಕಿ ಬಿದ್ದರೆ ಕಣ್ಣಿಗೆ ಕಾಣುವಂತಿರಲಿ, ಕೈಗೆ ಸಿಗುವಂತಿರಲಿ ಎಂಬುದೇ ಅದರ ಹಿಂದಿನ ಕಾರಣ. ಅಂಥ ವಸ್ತುವನ್ನು ಸೀಟಿನ ಸಂದಿಗೆ ಜಾರಲು ಬಿಟ್ಟರೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಇನ್ನು ಮರೆಯುವ ಗಳಿಗೆ. ವಿಮಾನ ನಿಲ್ಲುತ್ತದೆ, ಬೆಲ್ಟಿನ ದೀಪ ಆರುತ್ತದೆ, ‘ಟಿಂಗ್’ ಎಂಬ ಸದ್ದಿಗೆ ಇಡೀ ವಿಮಾನ ಎದ್ದು ನಿಲ್ಲುತ್ತದೆ. ಹಿಂದಿನವರ ಬ್ಯಾಗು ನಮ್ಮ ಬೆನ್ನಿಗೆ ತಾಗುತ್ತದೆ. ಮೇಲಿನ ಖಾನೆಯಿಂದ ಚೀಲ ಇಳಿಸುವುದು, ಮಗುವಿನ ಕೈ ಹಿಡಿಯುವುದು, ಫೋನು ಆನ್ ಮಾಡುವುದು, ‘ಲ್ಯಾಂಡ್ ಆದ್ವಿ’ ಎಂದು ಮನೆಗೆ ಹೇಳುವುದು, ಎಲ್ಲ ಅದೇ ಎರಡು ನಿಮಿಷದಲ್ಲಿ ಆಗಬೇಕು. ಮನಸ್ಸು ಆಗಲೇ ಇಳಿದು ಟ್ಯಾಕ್ಸಿ ಹಿಡಿದಿರುತ್ತದೆ. ಮುಂದೆ ಮಾಡಬೇಕಾದ ಕೆಲಸವನ್ನು ಹೊತ್ತಿಗೆ ಸರಿಯಾಗಿ ನೆನಪಿಸಿಕೊಳ್ಳಲು ನಮಗೆ ಒಂದು ಸುಳಿವು ಬೇಕು; ಕಣ್ಣಿಗೆ ಏನಾದರೂ ಬೀಳಬೇಕು ಅಥವಾ ಕಿವಿಗೆ ಕೇಳಬೇಕು. ಚೀಲದೊಳಗಿನ ಟಿಶ್ಯೂ ಗಂಟು ಯಾವ ಸುಳಿವನ್ನೂ ಕೊಡುವುದಿಲ್ಲ. ನಾನು ಅಪ್ಪನಿಗೆ ನೆನಪಿಸುತ್ತೇನೆ ಅಂದುಕೊಂಡಿದ್ದೆನಲ್ಲ, ಆ ಹೊತ್ತಿಗೆ ನಾನು ಮೇಲಿನ ಖಾನೆಯಲ್ಲಿ ಅತ್ತಿಗೆ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿ ಡಬ್ಬಿಯ ಚೀಲ ಹುಡುಕುತ್ತಿದ್ದೆ.

ಇದೇ ಸಮಸ್ಯೆಯನ್ನು ವಿಮಾನದ ಮುಂಭಾಗದಲ್ಲಿ ಕೂತವರು ತೊಂಬತ್ತು ವರ್ಷಗಳ ಹಿಂದೆಯೇ ಎದುರಿಸಿದ್ದರು. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ನಾಲ್ಕು ಎಂಜಿನ್‌ಗಳ ಹೊಸ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಯಂತ್ರದಲ್ಲಿ ದೋಷವಿರಲಿಲ್ಲ. ನೆಲದ ಮೇಲೆ ನಿಂತಿರುವಾಗ ಗಾಳಿಗೆ ಬಾಲದ ಪಟ್ಟಿಗಳು ಅಲುಗದಿರಲೆಂದು ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ಹಾರಿಸುತ್ತಿದ್ದವರು ಮೇಜರ್ ಪ್ಲಾಯರ್ ಹಿಲ್, ಸೈನ್ಯದ ಅತ್ಯಂತ ಅನುಭವಿ ಪೈಲಟ್‌ಗಳಲ್ಲಿ ಒಬ್ಬರು. ಅವರು ಬದುಕುಳಿಯಲಿಲ್ಲ. ಇಷ್ಟು ಜಾಣರೇ ಮರೆತರೆಂದ ಮೇಲೆ ನೆನಪನ್ನು ನಂಬಿ ಫಲವಿಲ್ಲವೆಂದು ಅರಿತ ಸೈನ್ಯದ ಪೈಲಟ್‌ಗಳು ಮಾಡಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡರು, ಪ್ರತಿ ಸಲ ಅದನ್ನು ಓದಿಯೇ ಹಾರತೊಡಗಿದರು. ಇವತ್ತು ಸಾವಿರಾರು ಗಂಟೆ ಹಾರಿದ ಪೈಲಟ್ ಕೂಡ ಆ ಪಟ್ಟಿಯನ್ನು ಬಿಡುವುದಿಲ್ಲ. ಅವರ ಬೆನ್ನಿಗೇ ಕೂತ ನಾವು ಮಾತ್ರ ನಮ್ಮ ಪಾಸ್‌ಪೋರ್ಟನ್ನು ನೆನಪಿಗೆ ಒಪ್ಪಿಸಿ ನಿದ್ದೆ ಮಾಡುತ್ತೇವೆ.

ಜಪಾನಿನ ರೈಲ್ವೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿನ ಚಾಲಕರು ಸಿಗ್ನಲ್ಲಿನ ಕಡೆ ಬೆರಳು ತೋರಿಸಿ ‘ಹಸಿರು’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಗಾರ್ಡುಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬೆರಳು ಚಾಚಿ ಎಲ್ಲ ಸರಿಯಿದೆಯೆಂದು ಸಾರುತ್ತಾರೆ. ಬಿಳಿ ಗವಸು ತೊಟ್ಟ ಆ ಕೈಗಳ ವಿಡಿಯೊಗಳನ್ನು ಅನೇಕರು ನೋಡಿರಬಹುದು. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ, ಸುಮ್ಮನೆ ಕೆಲಸ ಮಾಡಿದಾಗ ನೂರಕ್ಕೆ 2.38ರಷ್ಟಿದ್ದ ತಪ್ಪುಗಳು ಬೆರಳು ತೋರಿಸಿ ಬಾಯಲ್ಲಿ ಹೇಳಿದಾಗ 0.38ಕ್ಕೆ ಇಳಿದವು. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಸೇರಿ ಒಂದು ಸಂಗತಿಯನ್ನು ಹಿಡಿದರೆ ಅದು ತಪ್ಪಿಸಿಕೊಳ್ಳುವುದು ಕಷ್ಟ.

ಇದನ್ನು ಓದಿದಾಗ ನನಗೆ ನೆನಪಾದದ್ದು ತೀರ್ಥಹಳ್ಳಿಯ ಹತ್ತಿರದ ನಮ್ಮ ಊರಿನ ಅಜ್ಜಿ. ಅಜ್ಜಿಯ ಸೊಂಟದಲ್ಲಿ ಸದಾ ಒಂದು ಸಂಚಿ ಇರುತ್ತಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಬೀಗದ ಕೈ, ನಾಲ್ಕು ಕಾಸು ಎಲ್ಲ ಅದರಲ್ಲಿ. ಬಸ್ಸಿನಲ್ಲಿ ಹೋದರೂ ಮದುವೆ ಮನೆಗೆ ಹೋದರೂ ಸಂಚಿ ಮೈಗಂಟಿಕೊಂಡೇ ಇರುತ್ತಿತ್ತು. ಅದನ್ನು ಬಿಚ್ಚಿ ಪಕ್ಕದಲ್ಲಿ ಇಟ್ಟದ್ದನ್ನು ನಾನು ನೋಡಿಲ್ಲ. ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಳ್ಳುವ ಹೆಂಗಸರಿಗೂ ಇದು ಗೊತ್ತಿತ್ತು. ಪ್ರಯಾಣದಲ್ಲಿ ಬೆಲೆಬಾಳುವ ವಸ್ತುವಿಗೆ ಮೈಯೇ ಜಾಗ, ಮೈಬಿಟ್ಟ ವಸ್ತು ಆಗಲೇ ಅರ್ಧ ಕಳೆದಂತೆ.

ಹಾಗಾಗಿ ಈಗ ನಾನು ವಿಮಾನ ಹತ್ತುವಾಗ ಜಿಪ್ಪಿರುವ ಒಂದು ಸಣ್ಣ ಚೀಲವನ್ನು ಅಡ್ಡಕ್ಕೆ ಹೆಗಲಿಗೆ ಹಾಕಿಕೊಳ್ಳುತ್ತೇನೆ. ನಿದ್ದೆ ಹೋದರೂ ಅದು ಮಡಿಲಲ್ಲೇ. ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿನಲ್ಲಿ ಸಿಬ್ಬಂದಿ ಕೆಳಗಿಡಿ ಎಂದರೆ ಅದರ ಪಟ್ಟಿಯನ್ನು ಪಾದಕ್ಕೆ ಸುತ್ತಿಕೊಂಡು ಮುಂದಿನ ಸೀಟಿನಡಿ ಇಡುತ್ತೇನೆ. ಏಳುವಾಗ ಕಾಲೇ ಎಳೆದು ಹೇಳುತ್ತದೆ. ಫೋನು, ಪಾಸ್‌ಪೋರ್ಟು, ಕನ್ನಡಕ, ಔಷಧಿ ಯಾವುದೇ ಆಗಲಿ, ಕೈಯಲ್ಲಿರಬೇಕು, ಇಲ್ಲದಿದ್ದರೆ ಆ ಸಂಚಿಯಲ್ಲಿರಬೇಕು. ಮೂರನೆಯ ಜಾಗವೇ ಇಲ್ಲ. ಮುಂದಿನ ಸೀಟಿನ ಚೀಲಕ್ಕೆ ಹೋಗುವುದು ನೀರಿನ ಬಾಟಲಿ ಮಾತ್ರ, ಅದು ಉಳಿದರೆ ಯಾರಿಗೂ ನಷ್ಟವಿಲ್ಲ. ಫೋನಿಗೆ ಅರಿಸಿನ ಬಣ್ಣದ ಕವರು ಹಾಕಿದ್ದೇನೆ. ಚಾರ್ಜಿಗೆ ಹಾಕುವುದಾದರೆ ಹತ್ತುವ ಮುನ್ನವೇ ನಿಲ್ದಾಣದಲ್ಲಿ ಮುಗಿಸುತ್ತೇನೆ. ಸೀಟಿನ ಪ್ಲಗ್ಗಿಗೆ ಸಿಕ್ಕಿಸಿದ ವೈರು ಅಲ್ಲೇ ನೇತಾಡುತ್ತ ಉಳಿಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ದೂರದ ಪ್ರಯಾಣದಲ್ಲಿ ಕಂಬಳಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಮಡಿಲಲ್ಲಿದ್ದ ಇಯರ್‌ಫೋನು, ಉಂಗುರ, ಕನ್ನಡಕ ಅದರ ಮಡಿಕೆಗೆ ಸೇರಿ, ಕಂಬಳಿಯ ಜೊತೆಗೆ ಒಗೆಯುವ ಗಂಟಿಗೆ ಹೋಗುತ್ತವೆ. ಗಂಟೆಗಟ್ಟಲೆ ಕೂತು ಬೆರಳು ಊದಿದಾಗ ಉಂಗುರ ತೆಗೆದು ಟ್ರೇ ಮೇಲೆ ಇಡುವವರಿದ್ದಾರೆ. ಉಂಗುರವನ್ನು ಮನೆಯಲ್ಲೇ ತೆಗೆದಿಟ್ಟು ಬರುವುದು ಲೇಸು. ಕಟ್ಟಿಸಿದ ಹಲ್ಲನ್ನು ಟಿಶ್ಯೂನಲ್ಲಿ ಸುತ್ತಿಡುವ ಹಿರಿಯರಿಗೂ ನನ್ನ ಅಪ್ಪನ ಕಥೆಯೇ ಆದೀತು. ಅವರಿಗೆ ಗಟ್ಟಿ ಮುಚ್ಚಳದ, ಎದ್ದು ಕಾಣುವ ಬಣ್ಣದ ಒಂದು ಡಬ್ಬಿ ಕೊಟ್ಟು ಕಳುಹಿಸಿ. ಟಿಶ್ಯೂ ಕಾಗದದಲ್ಲಿ ಏನನ್ನೂ ಸುತ್ತಬಾರದು. ಇದೊಂದು ಮಾತನ್ನು ಮಾತ್ರ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಮಕ್ಕಳ ಬಾಣಂತನಕ್ಕೆ ಮೊದಲ ಸಲ ಒಬ್ಬರೇ ಹೊರಡುವ ಅಮ್ಮಂದಿರ ಬಗ್ಗೆ ನನಗೆ ಹೆಚ್ಚು ಕಳವಳ. ಬ್ಯಾಗಿನಲ್ಲಿ ಹಪ್ಪಳ, ಚಟ್ನಿಪುಡಿ ಎಷ್ಟು ಕಿಲೋ ಎಂದು ಮನೆಮಂದಿಯೆಲ್ಲ ಸೇರಿ ತೂಗುತ್ತಾರೆ. ಪಾಸ್‌ಪೋರ್ಟನ್ನು ವಿಮಾನದೊಳಗೆ ಎಲ್ಲಿಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಇಳಿಯುವ ಮುನ್ನ ತುಂಬಬೇಕಾದ ಫಾರಂ ಏನಾದರೂ ಕೊಟ್ಟರೆ ಪಾಸ್‌ಪೋರ್ಟು ಹೊರಬರುತ್ತದೆ, ಪಕ್ಕದವರ ಪೆನ್ನು ಹಿಂದಿರುಗಿಸುವ ಗಡಿಬಿಡಿಯಲ್ಲಿ ಅದು ಮುಂದಿನ ಚೀಲಕ್ಕೆ ಇಳಿಯುತ್ತದೆ. ಇಮಿಗ್ರೇಶನ್ ಸಾಲಿನಲ್ಲಿ ನಿಂತಾಗ ಗೊತ್ತಾದರೂ ಹಿಂದಕ್ಕೆ ಓಡುವಂತಿಲ್ಲ. ಅಲ್ಲೇ ಇರುವ ಸಿಬ್ಬಂದಿಗೆ ಹೇಳಿ ವಿಮಾನಕ್ಕೆ ಸುದ್ದಿ ಮುಟ್ಟಿಸಬೇಕು. ಪರದೇಶದಲ್ಲಿ ಪಾಸ್‌ಪೋರ್ಟು ಕಳೆದೇಹೋದರೆ ಪೊಲೀಸರಿಗೆ ದೂರು ಕೊಟ್ಟು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಊರಿಗೆ ಮರಳಲು ಮಾತ್ರ ಅನುವಾಗುವ ತುರ್ತು ಪ್ರಮಾಣಪತ್ರವನ್ನು ಅಲ್ಲಿ ಕೊಡುತ್ತಾರೆ. ಮಂಗಳೂರಿನ ಬಜಪೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಹುಡುಗರಿಗೆ ಆ ಒಂದು ಪುಸ್ತಕದಲ್ಲಿ ವೀಸಾ, ಸಂಬಳ, ಮನೆಯ ಸಾಲ ಎಲ್ಲವೂ ಇರುತ್ತದೆ.

ಕಳೆದ ಮೇಲೆ ಏನಾಗುತ್ತದೆ? ವಿಮಾನದೊಳಗೆ ಸಿಕ್ಕ ವಸ್ತು ವಿಮಾನ ಕಂಪನಿಯ ಕೈಗೆ ಹೋಗುತ್ತದೆ. ಟರ್ಮಿನಲ್‌ನಲ್ಲಿ ಸಿಕ್ಕದ್ದು ನಿಲ್ದಾಣ ನಡೆಸುವವರ ಕೈಗೆ. ತಪಾಸಣೆಯ ಟ್ರೇಗಳಲ್ಲಿ ಬಿಟ್ಟದ್ದು ಭದ್ರತೆ ನೋಡುವ ಸಿಐಎಸ್‌ಎಫ್ ಸಿಬ್ಬಂದಿಗೆ ಸಿಗುತ್ತದೆ. ಅವರು ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಹಾಕುತ್ತಾರೆ. ಈ ಮೂರು ದಾರಿಗಳ ವ್ಯತ್ಯಾಸ ತಿಳಿಯದೆ ಜನ ತಪ್ಪು ಕೌಂಟರಿನ ಮುಂದೆ ಬೆಲೆಬಾಳುವ ಗಂಟೆ ಕಳೆಯುತ್ತಾರೆ. ಸೀಟಿನಲ್ಲಿ ಬಿಟ್ಟದ್ದಾದರೆ ನೇರ ವಿಮಾನ ಕಂಪನಿಯವರನ್ನು ಹಿಡಿಯಬೇಕು, ಅದೂ ನಿಲ್ದಾಣದಿಂದ ಹೊರಬೀಳುವ ಮುನ್ನ. ವಿಮಾನದ ನಂಬರು, ಸೀಟಿನ ನಂಬರು, ಎಲ್ಲಿ ಇಟ್ಟಿದ್ದಿರಿ ಎಂಬುದು ಬಾಯಿತುದಿಯಲ್ಲಿರಬೇಕು. ಮನೆ ಮುಟ್ಟುವ ತನಕ ಬೋರ್ಡಿಂಗ್ ಪಾಸ್ ಎಸೆಯಬೇಡಿ. ದೇಶದೊಳಗಿನ ವಿಮಾನಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹಾರುತ್ತವೆ. ನಮ್ಮ ಹಾಗೆ ಬೆಲ್ಟಿನ ಹತ್ತಿರ ಎಚ್ಚೆತ್ತವರಿಗೆ ಉಳಿಯುವುದು ಕೆಲವೇ ನಿಮಿಷ.

ಕಳೆದದ್ದು ಫೋನಾದರೆ ಅದರ ಐಎಂಇಐ ಸಂಖ್ಯೆ ಗೊತ್ತಿರಬೇಕು. *#06# ಒತ್ತಿದರೆ ಕಾಣುವ ಹದಿನೈದು ಅಂಕಿಗಳನ್ನು ಇವತ್ತೇ ಬರೆದು ಮನೆಯ ಡೈರಿಯಲ್ಲಿ ಇಟ್ಟುಕೊಳ್ಳಿ. ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಕೊಟ್ಟರೆ ಫೋನನ್ನು ಬೇರೆಯವರು ಬಳಸದಂತೆ ತಡೆಹಿಡಿಯುತ್ತಾರೆ. ಇನ್ನು ಪರಿಹಾರದ ಆಸೆ ಹೆಚ್ಚು ಬೇಡ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯವಾಗುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ ಪ್ರಕಾರ ಚೆಕ್-ಇನ್ ಮಾಡಿದ ಬ್ಯಾಗಿಗೆ ಕಂಪನಿ ಹೊಣೆ. ಕೈಯಲ್ಲಿ ಇಟ್ಟುಕೊಂಡ ವಸ್ತುವಿಗೆ, ತಪ್ಪು ಕಂಪನಿಯದೇ ಆಗಿದ್ದರೆ ಮಾತ್ರ. ಚೀಲದಲ್ಲಿ ಮರೆತುಬಂದದ್ದು ಅವರ ತಪ್ಪೆಂದು ತೋರಿಸುವುದು ಹೇಗೆ?

ಚೆಕ್-ಇನ್ ಬ್ಯಾಗುಗಳ ಲೆಕ್ಕವನ್ನು ಲೋಕ ಜೋಪಾನವಾಗಿ ಇಡುತ್ತದೆ. 2024ರಲ್ಲಿ ಸಾವಿರ ಪ್ರಯಾಣಿಕರಿಗೆ 6.3 ಬ್ಯಾಗುಗಳು ತಡವಾದವು, ಹಾಳಾದವು ಇಲ್ಲವೇ ದಾರಿತಪ್ಪಿದವು ಎಂದು ಸೀಟಾ ಎಂಬ ಸಂಸ್ಥೆಯ ವರದಿ ಹೇಳುತ್ತದೆ. ಅವುಗಳಿಗೆ ಪಟ್ಟಿ ಇದೆ, ಬಾರ್‌ಕೋಡ್ ಇದೆ. ಯಾರೂ ಬಂದು ಕೇಳದ ಬ್ಯಾಗುಗಳನ್ನು ಕಂಪನಿಗಳಿಂದ ಕೊಂಡು ಮಾರುವ ದೊಡ್ಡ ಅಂಗಡಿಯೇ ಅಮೆರಿಕದ ಅಲಬಾಮಾ ರಾಜ್ಯದ ಸ್ಕಾಟ್ಸ್‌ಬರೊ ಎಂಬ ಪುಟ್ಟ ಊರಿನಲ್ಲಿದೆ. ಡಾಯಲ್ ಓವೆನ್ಸ್ ಎಂಬವರು 1970ರಲ್ಲಿ 300 ಡಾಲರ್ ಸಾಲ ಮಾಡಿ, ಕಡ ತಂದ ಟ್ರಕ್ಕಿನೊಂದಿಗೆ ಅದನ್ನು ಶುರುಮಾಡಿದರು. ಅಪ್ಪನ ಕಿವಿಯ ಯಂತ್ರಕ್ಕೆ ಬಾರ್‌ಕೋಡ್ ಇರಲಿಲ್ಲ. ಬಂದು ಕೇಳಿದೆವು, ಆದರೂ ಸಿಗಲಿಲ್ಲ.

ಹೊಸ ಯಂತ್ರಕ್ಕೆ ಈಗ ತೆಳುವಾದ ಒಂದು ದಾರ ಇದೆ. ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಅಂಗಿಯ ಕಾಲರಿಗೆ ಕ್ಲಿಪ್ಪಿನಿಂದ. ಮಕ್ಕಳಿಗೆಂದು ಮಾಡಿದ ದಾರವಂತೆ. ಅಪ್ಪ ಮೊದಲು ಬೇಡವೆಂದರು, ಆಮೇಲೆ ಒಪ್ಪಿದರು.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಅಪ್ಪನ ಜೊತೆ ಹೋದೆ. 2023ರ ಆಗಸ್ಟ್ 31ರಂದು ಅಲ್ಲಿಗೆ ವಿಮಾನ ಶುರುವಾದಾಗಿನಿಂದ ನಮ್ಮ ಕಡೆಯ ಹಿರಿಯರಿಗೆ ರಾತ್ರಿ ಬಸ್ಸಿನ ಕುಲುಕಾಟ ತಪ್ಪಿದೆ. ಪಂಖ ತಿರುಗುವ ಚಿಕ್ಕ ವಿಮಾನ. ಹಿಂದಿನ ಬಾಗಿಲಿನಿಂದ ಹತ್ತಿ ಇಳಿಯಬೇಕು. ಜನರೆಲ್ಲ ಎದ್ದು ನಿಂತಾಗ ಅಪ್ಪ ಏಳಲಿಲ್ಲ. ನಾವು ಈಗ ಹಾಗೆಯೇ ಮಾಡುವುದು. ಸಾಲು ಖಾಲಿಯಾಗುವ ತನಕ ಕೂತೇ ಇರುತ್ತೇವೆ. ಅಪ್ಪ ಬೆರಳಿನಿಂದ ಮುಟ್ಟಿ ಮುಟ್ಟಿ ಬಾಯಲ್ಲಿ ಹೇಳಿಕೊಂಡರು: ‘ಕಿವಿ. ಕನ್ನಡಕ. ಫೋನು. ಪರ್ಸು. ಕೋಲು.’ ಮೂರು ದಶಕ ಶಾಲೆಯಲ್ಲಿ ಹಾಜರಿ ಕೂಗಿದ ದನಿ ಅದು. ಆಮೇಲೆ ಮೆತ್ತೆಯ ಅಂಚಿನಲ್ಲಿ ಅಂಗೈ ಆಡಿಸಿದರು. ಕೊನೆಗೆ ತಾವು ಏನೂ ಇಡದ ಮುಂದಿನ ಸೀಟಿನ ಚೀಲಕ್ಕೂ ಕೈ ಹಾಕಿ ತಳದವರೆಗೆ ತಡವಿದರು.

ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಕನ್ನಡಕವಿತ್ತು. ನಮ್ಮದಲ್ಲ. ದಪ್ಪ ಗಾಜು, ಒಂದು ಕಡ್ಡಿಗೆ ದಾರ ಸುತ್ತಿ ಬಿಗಿದಿದ್ದರು. ಹಿಂದಿನ ಹಾರಾಟದಲ್ಲೋ ಅದರ ಹಿಂದಿನದರಲ್ಲೋ ಯಾರೋ ಓದುವುದಕ್ಕೆ ತೆಗೆದದ್ದು, ಚೀಲದ ತಳ ಸೇರಿತ್ತು. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ ಹುಡುಗಿಯ ಹತ್ತಿರ ಹೋದರು.

‘ಇದು 9ಎ ಸೀಟಿನ ಚೀಲದಲ್ಲಿ ಸಿಕ್ತಮ್ಮ. ಸೀಟ್ ನಂಬರು ಬರ್ಕೋ. ಇವತ್ತಿನ ತಾರೀಖೂ ಹಾಕು.’

ಆಕೆ ಆಯ್ತು ಅಂಕಲ್ ಎಂದು ಕೈಚಾಚಿದಳು. ಅಪ್ಪ ಕೊಡಲಿಲ್ಲ. ಆಕೆ ಪೆನ್ನು ಹುಡುಕಿ, ಚೀಟಿಯ ಮೇಲೆ 9ಎ ಎಂದು ಬರೆದು, ತಾರೀಖು ಹಾಕಿ ಮುಗಿಸುವವರೆಗೂ ಕನ್ನಡಕವನ್ನು ಹಿಡಿದುಕೊಂಡೇ ನಿಂತಿದ್ದರು.